ಕಳ್ಳಿಗಳೆಲ್ಲ ಒಂದೇ ಕುಟುಂಬದವಲ್ಲ

ಬೇಲಿಯಲ್ಲಿ ಮುಳ್ಳು ತುಂಬಿದ, ರಸಭರಿತ ಕಾಂಡದ ಗಿಡ ಕಂಡರೆ ನಾವು ಕಳ್ಳಿ ಎನ್ನುತ್ತೇವೆ. ಆದರೆ ಇವುಗಳಲ್ಲಿ ಎರಡು ಬೇರೆ ಕುಟುಂಬಗಳಿವೆ. ಪಾಪಸುಕಳ್ಳಿಯು ಅಮೆರಿಕ ಮೂಲದ ಕ್ಯಾಕ್ಟೇಸೀ ಕುಟುಂಬಕ್ಕೆ ಸೇರಿದೆ. ಚದುರಕಳ್ಳಿ, ಎಲೆಕಳ್ಳಿಗಳು ಹರಳಿನ ಗಿಡವಿರುವ ಯುಫೋರ್ಬಿಯೇಸೀ ಕುಟುಂಬದವು. ಬರಗಾಲದಲ್ಲಿ ಮುಳ್ಳಿಲ್ಲದ ಪಾಪಸುಕಳ್ಳಿ ದನಗಳಿಗೆ ಮೇವಾಗುತ್ತದೆ; ಚದುರಕಳ್ಳಿಯ ಹಾಲಾದರೋ ಬಾಯಿ, ಕಣ್ಣುಗಳನ್ನು ಸುಡುವ ವಿಷ. ಆದ್ದರಿಂದ ಈ ಭೇದವನ್ನು ರೈತರು ಅರಿತಿರಬೇಕು.

ಗುರುತಿಸುವ ಬಗೆ

ಮುಳ್ಳು ಹುಟ್ಟುವ ಜಾಗವನ್ನು ನೋಡಿರಿ. ಕ್ಯಾಕ್ಟೇಸೀ ಗಿಡಗಳಲ್ಲಿ ಮುಳ್ಳುಗಳು ನವಿರಾದ ರೋಮಗಳಿರುವ ಸಣ್ಣ ಗುಬುಟಿನಿಂದ ಏಳುತ್ತವೆ. ಹೊಸ ಕವಲೂ ಇಲ್ಲಿಂದಲೇ ಒಡೆಯುತ್ತದೆ. ಇದಕ್ಕೆ ಏರಿಯೋಲ್ ಎಂದು ಹೆಸರು. ಇದು ಈ ಕುಟುಂಬದ ಖಚಿತ ಗುರುತು. ಚದುರಕಳ್ಳಿಯಲ್ಲಿ ಕಾಂಡದ ಏಣುಗಳ ಮೇಲೆ ಮುಳ್ಳುಗಳು ಜೋಡಿಜೋಡಿಯಾಗಿರುತ್ತವೆ. ಗೀರಿದೊಡನೆ ಬಿಳಿ ಹಾಲು ಒಸರುತ್ತದೆ. ಪಾಪಸುಕಳ್ಳಿಯಲ್ಲಿ ಹಾಲಿಲ್ಲ.

ಮುಖ್ಯ ಗುಂಪುಗಳು

1. ಪೆರೆಸ್ಕಿಯ ಗುಂಪು: ಸಾಮಾನ್ಯ ಗಿಡಗಳಂತೆ ಅಗಲವಾದ ಎಲೆಗಳಿವೆ. ಇವು ಒಂದೇ ವಂಶದವಲ್ಲವೆಂದು 2005ರಲ್ಲಿ ಡಿಎನ್‌ಎ ಅಧ್ಯಯನದಿಂದ ತಿಳಿಯಿತು.

2. ಒಪನ್ಷಿಯ ಗುಂಪು: ಪಾಪಸುಕಳ್ಳಿ ಇದರಲ್ಲಿದೆ. ಏರಿಯೋಲ್‌ಗಳಲ್ಲಿ ದೊಡ್ಡ ಮುಳ್ಳುಗಳಲ್ಲದೆ, ಮುಟ್ಟಿದರೆ ಕಳಚಿ ಚರ್ಮಕ್ಕೆ ನಾಟುವ ಸಣ್ಣ ಕೊಕ್ಕೆಮುಳ್ಳುಗಳೂ ಇರುತ್ತವೆ.

3. ಕ್ಯಾಕ್ಟಸ್ ಗುಂಪು: ಎಲ್ಲಕ್ಕಿಂತ ದೊಡ್ಡದು. ಕಂಬದಂಥ, ಗುಂಡಾದ, ಮರಕ್ಕೆ ಹಬ್ಬುವ ಕಳ್ಳಿಗಳು ಇದರಲ್ಲಿವೆ. ಕೊಕ್ಕೆಮುಳ್ಳು ಇರುವುದಿಲ್ಲ. ಡ್ರ್ಯಾಗನ್ ಹಣ್ಣಿನ ಬಳ್ಳಿ ಈ ಗುಂಪಿನದು. ಹೈಲೊಸೀರಿಯಸ್ ಎಂಬ ಜಾತಿಯಲ್ಲಿದ್ದ ಇದನ್ನು 2017ರಲ್ಲಿ ಸೆಲೆನಿಸೀರಿಯಸ್ ಜಾತಿಗೆ ಸೇರಿಸಲಾಯಿತು. ಸಸಿಯ ಚೀಟಿಯಲ್ಲಿ ಯಾವ ಹೆಸರಿದ್ದರೂ ಗಿಡ ಒಂದೇ.

ಪ್ರಭೇದದ ಮಹತ್ವ

1795ರಲ್ಲಿ ಕೆಂಪು ಬಣ್ಣ ಕೊಡುವ ಕೊಚಿನೀಲ್ ಕೀಟವೆಂದು ತಿಳಿದು, ಅದರ ಹತ್ತಿರದ ಇನ್ನೊಂದು ಕೀಟವನ್ನು ಬ್ರೆಜಿಲಿನಿಂದ ಭಾರತಕ್ಕೆ ತರಲಾಯಿತು. ಬಣ್ಣದ ಉದ್ಯಮಕ್ಕೆ ಅದು ಒದಗಲಿಲ್ಲ; ಆದರೆ ಒಪನ್ಷಿಯ ಮೊನಕಾಂತ ಎಂಬ ಕಳ್ಳಿಯನ್ನು ನಾಶಮಾಡಿತು. ದಕ್ಷಿಣದಲ್ಲಿ ಭೂಮಿಯನ್ನು ಆಕ್ರಮಿಸಿದ್ದ ಒಪನ್ಷಿಯ ಡಿಲೇನಿಯನ್ನು ಮಾತ್ರ ಅದು ಹತೋಟಿಗೆ ತರಲಿಲ್ಲ. 1926ರಲ್ಲಿ ಸಿಂಹಳದಿಂದ ಬೇರೊಂದು ಪ್ರಭೇದದ ಕೀಟವನ್ನು ತಂದ ಮೇಲೆಯೇ ಆ ಕಳ್ಳಿ ಅಡಗಿತು. ಕಣ್ಣಿಗೆ ಒಂದೇ ಬಗೆಯಾಗಿ ಕಂಡ ಎರಡು ಕಳ್ಳಿಗಳನ್ನು ಕೀಟ ಬೇರೆಬೇರೆಯಾಗಿಯೇ ಗುರುತಿಸಿತ್ತು.

ರೈತರು ಗಮನಿಸಬೇಕಾದದ್ದು

* ಮೇವಿಗೆ ಕಳ್ಳಿ ಕಡಿಯುವ ಮೊದಲು ಏರಿಯೋಲ್ ನೋಡಿರಿ, ಗೀರಿ ಹಾಲನ್ನು ಪರೀಕ್ಷಿಸಿರಿ. ಹಾಲು ಬಂದರೆ ದನಗಳಿಗೆ ಹಾಕಬಾರದು.
* ಕಳ್ಳಿಹಾಲು ಕಣ್ಣಿಗೆ ಸಿಡಿದರೆ ಕೂಡಲೇ ಧಾರಾಳವಾಗಿ ನೀರಿನಿಂದ ತೊಳೆದು ವೈದ್ಯರ ಬಳಿಗೆ ಹೋಗಿರಿ.
* ಮುಳ್ಳಿಲ್ಲದ ತಳಿಯಲ್ಲೂ ಕೊಕ್ಕೆಮುಳ್ಳು ಇರಬಹುದು. ಬೆಂಕಿಯಲ್ಲಿ ಹೊರಮೈ ಸುಟ್ಟು, ಕತ್ತರಿಸಿ ಕೊಡಿರಿ.
* ಪಾಪಸುಕಳ್ಳಿಯಲ್ಲಿ ಶೇಕಡ 90ರಷ್ಟು ನೀರೇ ಇದ್ದು, ಸಸಾರಜನಕ ಕಡಿಮೆ. ಅದೊಂದನ್ನೇ ಕೊಡದೆ ಒಣಹುಲ್ಲಿನೊಡನೆ ಬೆರೆಸಿ, ಜೊತೆಗೆ ಸ್ವಲ್ಪ ಹಿಂಡಿ ಕೊಡುವುದು ಒಳ್ಳೆಯದು.
* ಸಂಶಯವಿದ್ದಲ್ಲಿ ಒಂದು ತುಂಡನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿರಿ.