ಲೋಹಶೋಧಕ ದ್ವಾರವೂ ಅದರ ಕಂಪನಸಂಖ್ಯೆಯೂ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಯಂತ್ರದ ವಿಚಾರವನ್ನು ಬರೆಯಹೊರಟರೆ ವಾಚಕ ಮಿತ್ರರು ಹುಬ್ಬೇರಿಸಬಹುದು. ಆದರೆ ಈ ವಿಷಯ ನನಗೆ ಪಠ್ಯಪುಸ್ತಕದಿಂದ ಬಂದುದಲ್ಲ. ನಮ್ಮ ತಂದೆಯವರು ಯಶವಂತಪುರದ ಕಡೆಯ ಒಂದು ದೊಡ್ಡ ಕಟ್ಟಡದಲ್ಲಿ ಕಾವಲುಗಾರರು. ಅಲ್ಲಿನ ಬಾಗಿಲಲ್ಲಿ ಒಂದು ಲೋಹಶೋಧಕ ಚೌಕಟ್ಟಿದೆ. ಮೆಟ್ರೋ ನಿಲ್ದಾಣದಲ್ಲಿ ನಾವು ದಾಟಿಬರುವ ಮೆಟಲ್ ಡಿಟೆಕ್ಟರಿನಂಥದೇ. ಹಗಲೆಲ್ಲ ಸುಮ್ಮನಿರುತ್ತಿದ್ದ ಈ ಯಂತ್ರವು ಸಂಜೆ ದೀಪ ಹೊತ್ತಿಸಿದೊಡನೆ, ಹತ್ತಿರ ಯಾರೂ ಇಲ್ಲದಿದ್ದರೂ, ಕೂಗತೊಡಗುತ್ತಿತ್ತು. ಕಸಗುಡಿಸುವ ಹೆಂಗಸರು ಕೆಲಸ ಮುಗಿಸಿ ಮನೆಗೆ ಹೊರಡುವ ಹೊತ್ತೂ ಅದೇ. ಚೀಲವನ್ನು ಬದಿಯ ಮೇಜಿನ ಮೇಲಿಟ್ಟು ಬರಿಗೈಯಲ್ಲಿ ದಾಟಿದರೂ ಕೂಗು ತಪ್ಪದು. ಕೂಗಿದ ಮೇಲೆ ಎಲ್ಲರೆದುರು ನಿಲ್ಲಿಸಿ ಶೋಧಿಸಬೇಕೆಂಬುದು ನಿಯಮ. “ಏನೂ ಇರಲ್ಲ ಅಂತ ಗೊತ್ತಿದ್ದೂ ದಿನಾ ಅವರನ್ನ ನಿಲ್ಲಿಸಬೇಕಲ್ಲಪ್ಪಾ” ಎಂದು ತಂದೆಯವರು ಊಟಕ್ಕೆ ಕುಳಿತಾಗ ಹೇಳುತ್ತಿದ್ದರು.

ಮೇಲಿನವರು ಕಂಡುಕೊಂಡ ಉಪಾಯವು ಸುಲಭದ್ದು: ಯಂತ್ರದ ಸೂಕ್ಷ್ಮತೆಯನ್ನು ಇಳಿಸಿದರು. ಕೂಗು ನಿಂತಿತು. ಮೂರನೆಯ ದಿನ ತಂದೆಯವರು ಕಟ್ಟಡದ ಬೀಗದಕೈಗಳ ಗೊಂಚಲನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡೇ ಅದರೊಳಗೆ ನಡೆದುಹೋದರು. ಯಂತ್ರವು ತುಟಿ ಪಿಟಕ್ಕೆನ್ನಲಿಲ್ಲ. ಕಿವಿ ನೋಯುತ್ತದೆಂದು ಅರಳೆ ತುರುಕಿದ ಹಾಗಾಯಿತು.

ಯಂತ್ರದ ಕೈಪಿಡಿಯು ಮೇಜಿನ ಸೆಳೆಖಾನೆಯಲ್ಲಿ ಎರಡು ವರ್ಷದಿಂದ ಬಿದ್ದಿತ್ತು. ಅದು ಇಂಗ್ಲಿಷಿನಲ್ಲಿದ್ದುದರಿಂದ ಕಾವಲುಗಾರರಲ್ಲಿ ಯಾರೂ ಬಿಚ್ಚಿರಲಿಲ್ಲ. ತಂದೆಯವರು ಅಪ್ಪಣೆ ಪಡೆದು ಅದನ್ನು ಮನೆಗೆ ತಂದು ನನ್ನ ಮುಂದಿಟ್ಟರು. ಬಿ.ಎ. ತರಗತಿಯ ಇಂಗ್ಲಿಷ್ ಇಷ್ಟು ಕಷ್ಟದ ಪರೀಕ್ಷೆಗೆ ಗುರಿಯಾದುದು ಅದೇ ಮೊದಲು.

ಲೋಹಶೋಧಕದ ಒಂದು ಬದಿಯ ತಂತಿಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ ಕೆಲವು ಸಾವಿರ ಸಲ ಹಿಂದುಮುಂದಾಗಿ ಹರಿಯುತ್ತದೆ. ಅದರಿಂದ ಸುತ್ತಲೂ ಕಾಂತಕ್ಷೇತ್ರ ಏಳುತ್ತದೆ. ನಡುವೆ ಲೋಹ ಬಂದರೆ ಅದರೊಳಗೆ ಸುಳಿಯಂತಹ ವಿದ್ಯುತ್ಪ್ರವಾಹಗಳು ಹುಟ್ಟಿ, ಅವು ತಮ್ಮದೇ ಒಂದು ಕ್ಷೀಣ ಕ್ಷೇತ್ರವನ್ನು ಹೊರಡಿಸುತ್ತವೆ. ಎದುರು ಬದಿಯ ಸುರುಳಿಯು ಆಲಿಸುವುದು ಈ ಕ್ಷೀಣ ದನಿಯನ್ನೇ. ಆದುದರಿಂದ ಅದೇ ಕಂಪನಸಂಖ್ಯೆಯಲ್ಲಿ ಬೇರೆ ಯಾವುದೇ ಸದ್ದು ಬಂದರೂ ಯಂತ್ರವು ಲೋಹವೆಂದೇ ಭ್ರಮಿಸುವುದು.

ನಮ್ಮ ಮನೆಗಳ ವಿದ್ಯುತ್ತಿನ ಕಂಪನಸಂಖ್ಯೆ 50. ಸಾವಿರಾರು ಸಂಖ್ಯೆಯ ಯಂತ್ರಕ್ಕೂ ಈ 50ಕ್ಕೂ ಏನು ಸಂಬಂಧವೆಂದು ನಾನೂ ಕೇಳಿಕೊಂಡೆನು. ತಂಬೂರಿಯ ಒಂದು ತಂತಿಯನ್ನು ಮೀಟಿದರೆ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು ಕಂಪಿಸುವ ಅನುಸ್ವರಗಳೂ ಕೇಳುತ್ತವಷ್ಟೆ. ವಿದ್ಯುತ್ತಿಗೂ ಹಾಗೆಯೇ 100, 150, 200 ಎಂದು ಅನುಸ್ವರಗಳುಂಟು. ಕ್ಷೀಣವಾಗುತ್ತ ಹೋದರೂ ಸಾವಿರಗಳವರೆಗೆ ಮುಟ್ಟುತ್ತವೆ. ಲೆಕ್ಕಕ್ಕೆ ಸುಲಭವಾಗಲೆಂದು ಯಂತ್ರದ ಸಂಖ್ಯೆ 5000 ಎನ್ನೋಣ. ಅದು ಸರಿಯಾಗಿ ನೂರನೆಯ ಅನುಸ್ವರದ ಮೇಲೆಯೇ ಕುಳಿತಿದೆ! ಮುಂದಿನದು 5050. ಎರಡರ ನಡುವೆ, 5025ರಲ್ಲಿ ನಿಲ್ಲಿಸಿದರೆ ನೆಮ್ಮದಿ. ಅಮೆರಿಕದಲ್ಲಿ ವಿದ್ಯುತ್ತು 60ರದು. ಅಲ್ಲಿ 4980 ಮತ್ತು 5040ರ ನಡುವಣ 5010 ಒಳ್ಳೆಯ ಜಾಗ. ಅದೇ 5010 ಇಲ್ಲಿ ನಮ್ಮ 5000ಕ್ಕೆ ಕೇವಲ ಹತ್ತೇ ದೂರ. ಅಲ್ಲದೆ ನಮ್ಮ ವಿದ್ಯುಜ್ಜಾಲದ 50 ಎಂಬುದು ಕಲ್ಲಿನಲ್ಲಿ ಕೊರೆದುದಲ್ಲ, ನಿಯಮವೇ 49.90ರಿಂದ 50.05ರವರೆಗೆ ಎಡೆಗೊಟ್ಟಿದೆ. ಮೂಲದಲ್ಲಿ 0.1 ಸರಿದರೆ ನೂರನೆಯ ಅನುಸ್ವರವು ಹತ್ತು ಸರಿಯುತ್ತದೆ. ಕರೆಂಟು ಹೋಗಿ ಡೀಸೆಲ್ ಜನರೇಟರ್ ಓಡುವಾಗ ಈ ಓಲಾಟ ಇನ್ನೂ ಹೆಚ್ಚು. ನಡುವೆ ನಿಲ್ಲಬೇಕೆನ್ನುವುದು ಇದಕ್ಕಾಗಿ. ಯಶವಂತಪುರದಲ್ಲಂತೂ ರೈಲಿನ ತಲೆಯ ಮೇಲೆ 25,000 ವೋಲ್ಟಿನ 50ರ ವಿದ್ಯುತ್ತು. 2014ರಲ್ಲಿ ಇಲ್ಲಿಗೆ ಬಂದ ಮೆಟ್ರೋ 750 ವೋಲ್ಟಿನ ಏಕಮುಖ ವಿದ್ಯುತ್ತಿನಲ್ಲಿ ಓಡಿದರೂ, ಅದೂ ಇದೇ ವಿದ್ಯುತ್ತನ್ನು ಪರಿವರ್ತಿಸಿ ಪಡೆದದ್ದು.

ಎಲ್ಲವೂ ಲೆಕ್ಕಕ್ಕೆ ಸಿಗುವುದಿಲ್ಲ. ಎಲ್‌ಇಡಿ ದೀಪ, ಲಿಫ್ಟಿನ ಮೋಟಾರು, ಕಂಪ್ಯೂಟರ್ ಮುಂತಾದವು ತಮ್ಮೊಳಗೆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು ಬಳಸುತ್ತವೆ. ಅವುಗಳ ಸದ್ದು ಎಲ್ಲೆಂದರಲ್ಲಿ ಬೀಳಬಹುದು. ಅದಕ್ಕೇ ಯಂತ್ರದಲ್ಲಿ ಸ್ವಲ್ಪ ಸ್ವಲ್ಪವೇ ಬೇರೆಯಾದ ಹಲವು ಚಾನೆಲ್ಲುಗಳನ್ನು ಇಟ್ಟಿರುತ್ತಾರೆ. ಒಂದೊಂದನ್ನೇ ಹಾಕಿ, ಯಾರೂ ಹತ್ತಿರವಿಲ್ಲದಾಗ ಸದ್ದಿನ ಸೂಚಿಯನ್ನು ನೋಡಿ, ಅತಿ ಶಾಂತವಾದುದನ್ನು ಆರಿಸಬೇಕು. ಈ ಸಣ್ಣ ಪಲ್ಲಟದಿಂದ ಯಂತ್ರದ ಚುರುಕು ಕುಂದುವುದಿಲ್ಲ. ಎರಡು ದ್ವಾರಗಳು ಅಕ್ಕಪಕ್ಕದಲ್ಲಿದ್ದರೆ ಒಂದಕ್ಕೊಂದು ಬೇರೆ ಚಾನೆಲ್ ಇರಬೇಕು; ಇಲ್ಲವಾದರೆ ಒಂದರ ಮಾತಿಗೆ ಇನ್ನೊಂದು ಕೂಗುತ್ತದೆ.

ಕಂಪನಸಂಖ್ಯೆಯಿಂದ ಪರಿಹಾರವಾಗದ ತೊಂದರೆಯೂ ಉಂಟು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡರ ದೇಹದಲ್ಲಿ ಹೊಕ್ಕಿದ್ದ ಗುಂಡನ್ನು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂತಹುದೇ ಸಾಧನದಿಂದ ಹುಡುಕಿ ಸೋತನು. ಹಾಸಿಗೆಯೊಳಗಿನ ಉಕ್ಕಿನ ತಂತಿಗಳು ದಾರಿ ತಪ್ಪಿಸಿದುವೆಂದು ಹೇಳುತ್ತಾರೆ. ಹಾಗೆಯೇ ಲಿಫ್ಟಿನ ಬಾಗಿಲು ಸರಿದಾಗ ಯಂತ್ರ ಕೂಗಿದರೆ ಅದು ಲೋಹವನ್ನು ಕಂಡೇ ಕೂಗುವುದು. ಚೌಕಟ್ಟನ್ನು ದೂರ ಇಡಬೇಕು. ದೀಪದ ಸ್ವಿಚ್ಚು ಹಾಕಿದಾಗ ಕೂಗಿದರೆ ಮಾತ್ರ ಚಾನೆಲ್ ಬದಲಾಯಿಸಬೇಕು.

ನಮ್ಮ ಪ್ರಕರಣದಲ್ಲಿ ಅಪರಾಧಿ ಬಾಗಿಲ ಮೇಲಿನ ಹೊಸ ನಾಮಫಲಕದ ದೀಪ. ಯಂತ್ರವನ್ನು ಮುಟ್ಟುವ ಅಧಿಕಾರ ತಂದೆಯವರಿಗಿಲ್ಲ. ನಾನು ಕನ್ನಡದಲ್ಲಿ ಬರೆದುಕೊಟ್ಟ ಒಂದು ಪುಟವನ್ನು ಮೇಲಿನವರಿಗೆ ಒಪ್ಪಿಸಿದರು. ರಿಪೇರಿಯವನು ಮೊದಲು ಬಂದುದು ಬೆಳಿಗ್ಗೆ. ಆಗ ಎಲ್ಲವೂ ಸರಿಯಾಗಿಯೇ ಇತ್ತು! ಮತ್ತೊಮ್ಮೆ ಸಂಜೆ ಕರೆಸಿ, ದೀಪವೆಲ್ಲ ಹೊತ್ತಿಸಿ ಚಾನೆಲ್ ಆರಿಸಿದ್ದಾಯಿತು. ಕಾಲು ಗಂಟೆಯ ಕೆಲಸ. ಬಳಿಕ ಸೂಕ್ಷ್ಮತೆಯನ್ನು ಮೊದಲಿನ ಮಟ್ಟಕ್ಕೆ ಏರಿಸಿ, ಬೀಗದಕೈ ಗೊಂಚಲನ್ನು ಕಣಕಾಲು, ಸೊಂಟ, ಹೆಗಲ ಎತ್ತರಗಳಲ್ಲಿ ಹಿಡಿದು ದಾಟಿ ನೋಡಿದರು. ಮೂರು ಸಲವೂ ಕೂಗಿತು. ಅನಂತರ ಆ ಹೆಂಗಸರು ಒಬ್ಬೊಬ್ಬರಾಗಿ ದಾಟಿದರು. ಯಂತ್ರವು ಸುಮ್ಮನಿತ್ತು. ಅಭ್ಯಾಸಬಲದಿಂದ ಅವರಲ್ಲಿ ಇಬ್ಬರು ಆಚೆ ಬದಿಯಲ್ಲಿ ನಿಂತೇ ಇದ್ದರಂತೆ. ತಂದೆಯವರು “ಹೋಗ್ರಮ್ಮಾ, ಹೊತ್ತಾಯ್ತು” ಎಂದು ಕಳುಹಿಸಿದರು.