ಮೇಕ್‌ನ ಗಲಾಟೆ ಕಮ್ಮಿ ಮಾಡೋದು ಹೇಗೆ?

ಕಳೆದ ಸೆಮ್‌ನಲ್ಲಿ ನಾವು ನಾಲ್ಕು ಜನ ಸೇರಿ ಸಿ ಭಾಷೆಯಲ್ಲಿ ಒಂದು ಮಿನಿ ಪ್ರಾಜೆಕ್ಟ್ ಮಾಡಿದ್ವಿ. ಮೇಕ್ ಅಂತ ಹೊಡೆದರೆ ಸಾಕು, ಟರ್ಮಿನಲ್ ತುಂಬಾ ಉದ್ದುದ್ದ ಜಿಸಿಸಿ ಕಮಾಂಡ್‌ಗಳು ಓಡ್ತಿದ್ವು. ಮಧ್ಯದಲ್ಲಿ ವಾರ್ನಿಂಗ್ ಬಂದರೂ ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ತಲೆಕೆಟ್ಟು ಕಂಪೈಲರ್ ಆಯ್ಕೆಗಳ ಜೊತೆ ಚಿಕ್ಕಕ್ಷರದ -ಡಬ್ಲ್ಯು ಸೇರಿಸಿಬಿಟ್ವಿ. ವಾರ್ನಿಂಗ್ ಎಲ್ಲಾ ಮಾಯ! "ಈಗ ನೋಡು ಮಗಾ, ಕ್ಲೀನ್" ಅಂದುಕೊಂಡ್ವಿ.

ಡೆಮೋ ದಿನ ಸರಾಸರಿ ಅಂಕದ ಜಾಗದಲ್ಲಿ ತಲೆಬುಡವಿಲ್ಲದ ಸಂಖ್ಯೆ ಬಂತು. ಒಂದು ಫಂಕ್ಷನ್‌ನ ಎಲ್ಸ್ ಭಾಗದಲ್ಲಿ ರಿಟರ್ನ್ ಬರೆಯೋದನ್ನೇ ಮರೆತಿದ್ವಿ. -ವಾಲ್ ಮೊದಲಿಂದಲೂ ಹಾಕಿದ್ವಿ, ಹಾಗಾಗಿ ಜಿಸಿಸಿ ಇದನ್ನ ಹೇಳೇ ಹೇಳ್ತಿತ್ತು. ಬಾಯಿ ಮುಚ್ಚಿಸಿದ್ದು ನಾವೇ.

ನಮಗೆ ಆಮೇಲೆ ಅರ್ಥವಾದದ್ದು ಇಷ್ಟು: ಬಿಲ್ಡ್ ಮಾಡುವಾಗ ಇಬ್ಬರು ಮಾತಾಡ್ತಾರೆ. ಮೇಕ್ ತಾನು ಓಡಿಸುವ ಪ್ರತಿ ಕಮಾಂಡನ್ನೂ ಮೊದಲು ತೋರಿಸುತ್ತೆ. ಅದು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಹೋಗುತ್ತೆ. ಕಂಪೈಲರ್‌ನ ವಾರ್ನಿಂಗ್, ಎರರ್‌ಗಳು ಸ್ಟ್ಯಾಂಡರ್ಡ್ ಎರರ್‌ಗೆ ಹೋಗುತ್ತವೆ. ಕಮ್ಮಿ ಮಾಡಬೇಕಾದ್ದು ಮೊದಲನೆಯದನ್ನ ಮಾತ್ರ.

ಸುಲಭದ ದಾರಿ, ಮೇಕ್ -ಎಸ್. ಕಮಾಂಡ್ ಒಂದೂ ಕಾಣಲ್ಲ, ವಾರ್ನಿಂಗ್ ಕಾಣುತ್ತೆ. ಆದರೆ ದೊಡ್ಡ ಪ್ರಾಜೆಕ್ಟ್ ಆದರೆ ಅದು ಓಡ್ತಿದೆಯೋ, ಮಲಗಿದೆಯೋ ಗೊತ್ತಾಗಲ್ಲ. ಅದಕ್ಕಿಂತ ನಮಗೆ ಹಿಡಿಸಿದ್ದು ಲಿನಕ್ಸ್ ಕರ್ನಲ್‌ನವರ ರೀತಿ. ಅಲ್ಲಿ ಒಂದು ಫೈಲಿಗೆ ಒಂದೇ ಚಿಕ್ಕ ಸಾಲು: 'ಸಿಸಿ', ಪಕ್ಕದಲ್ಲಿ ಫೈಲಿನ ಹೆಸರು. ಪೂರ್ತಿ ಕಮಾಂಡ್ ಬೇಕಾದರೆ ಮೇಕ್ ವಿ=1 ಅಂತ ಕೊಡಬೇಕು.

ನಮ್ಮ ಮೇಕ್‌ಫೈಲ್‌ನಲ್ಲೂ ಇದನ್ನ ಮಾಡಬಹುದು. ಕಮಾಂಡ್ ಮುಂದೆ @ ಹಾಕಿದರೆ ಮೇಕ್ ಅದನ್ನ ತೋರಿಸಲ್ಲ (ಅದಕ್ಕೂ ಮುಂದೆ ಟ್ಯಾಬ್ ಇರಲೇಬೇಕು, ಸ್ಪೇಸ್ ಅಲ್ಲ, ಇದರಲ್ಲೇ ನಮ್ಮ ಒಂದು ಸಂಜೆ ಹೋಯ್ತು). ಅದರ ಮೇಲಿನ ಸಾಲಲ್ಲಿ @ಎಕೋ ಕೊಟ್ಟು ಫೈಲಿನ ಹೆಸರು ಪ್ರಿಂಟ್ ಮಾಡಿಸಿ. ಜಿಸಿಸಿ ಮುಂದಿನ @ ಅನ್ನು ನೇರ ಬರೆಯದೆ ಕ್ಯೂ ಅನ್ನೋ ವೇರಿಯಬಲ್‌ನಲ್ಲಿ ಇಡಿ; ವಿ=1 ಬಂದಾಗ ಅದನ್ನ ಖಾಲಿ ಬಿಡಿ. ಲಿಂಕ್ ಮಾಡುವಾಗ ಎರರ್ ಬಂದರೆ ಯಾವ ಲೈಬ್ರರಿ ಬಿಟ್ಟುಹೋಗಿದೆ ಅಂತ ನೋಡೋಕೆ ಪೂರ್ತಿ ಕಮಾಂಡ್ ಬೇಕೇ ಬೇಕು.

ಬೇರೆಯವರ ಸೋರ್ಸ್ ಡೌನ್‌ಲೋಡ್ ಮಾಡಿ ಬಿಲ್ಡ್ ಮಾಡ್ತಿದ್ದೀರಾ? ಆಟೋಮೇಕ್ 1.11ರಿಂದ (2009) ಈ ಸೌಲಭ್ಯ ಇದೆ. ಅದನ್ನ ಬಳಸಿರುವ ಪ್ರಾಜೆಕ್ಟ್‌ಗಳಲ್ಲಿ ಮೇಕ್ ವಿ=0 ಕೊಟ್ಟು ನೋಡಿ. ಏನೂ ಇಲ್ಲದಿದ್ದರೆ ಮೇಕ್ > ಬಿಲ್ಡ್.ಲಾಗ್. ಕಮಾಂಡ್‌ಗಳು ಫೈಲಿಗೆ, ವಾರ್ನಿಂಗ್‌ಗಳು ಸ್ಕ್ರೀನಿಗೆ. ಕೊನೆಗೆ 2>&1 ಮಾತ್ರ ಸೇರಿಸಬೇಡಿ, ವಾರ್ನಿಂಗೂ ಫೈಲಿಗೇ ಹೋಗುತ್ತೆ.

-ಜೆ8 ಕೊಟ್ಟು ಒಟ್ಟಿಗೆ ಎಂಟು ಫೈಲ್ ಕಂಪೈಲ್ ಮಾಡಿದರೆ ಸಂದೇಶಗಳು ಒಂದರೊಳಗೊಂದು ಬೆರೆಯುತ್ತವೆ. ಗ್ನೂ ಮೇಕ್ 4.0 (2013) ಅಥವಾ ಅದರ ನಂತರದ್ದಾದರೆ ದೊಡ್ಡಕ್ಷರದ -ಓ ಸೇರಿಸಿ, ಒಂದೊಂದು ಫೈಲಿನ ಮಾತು ಒಂದೇ ಕಡೆ ಬರುತ್ತೆ.

ಡೆಮೋ ಮುಗಿದ ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಆ -ಡಬ್ಲ್ಯು ತೆಗೆದ್ವಿ. ಹದಿನೇಳು ವಾರ್ನಿಂಗ್ ಬಂತು. ಅದರಲ್ಲಿ ಇನ್ನೂ ಎರಡು ರಿಟರ್ನ್ ಮರೆತದ್ದೇ.