ಅಳತೆ ಬರೆದಿಟ್ಟಿದ್ದೂ ಕಲಿಕೆಯೇ

ತುರ್ವಿಹಾಳದ ವಿದ್ಯಾರ್ಥಿನಿಗೆ,

ಕಲಾ ಸಂಗ್ರಹಾಲಯದಲ್ಲಿ ಬರೀ ಚಿತ್ರಗಳ ಅಳತೆ, ಹರಕು, ಮಾಸಿದ ಬಣ್ಣ ಬರೆದಿಟ್ಟೆ, ಇಂಟರ್ನ್‌ಶಿಪ್ ವ್ಯರ್ಥವಾಯಿತೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ಜಲವರ್ಣ ಬೆಳಕಿಗೆ ಮಾಸುತ್ತದೆ. ಅದಕ್ಕೇ ಅಂಥ ಚಿತ್ರಗಳ ಮೇಲೆ ಸುಮಾರು 50 ಲಕ್ಸ್ ಬೆಳಕನ್ನಷ್ಟೇ ಬಿಡುತ್ತಾರೆ. ಕಲಾವಿದ ಕೆ. ವೆಂಕಟಪ್ಪನವರು (1886–1965) ಜಲವರ್ಣದಲ್ಲಿ ಬರೆದ ಊಟಿಯ ನಿಸರ್ಗ ಚಿತ್ರಗಳು ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕಾದರೆ, ಇವತ್ತು ಅವು ಹೇಗಿವೆ ಎಂದು ಯಾರಾದರೂ ಬರೆದಿಡಲೇಬೇಕು. ಆ ಕೆಲಸ ಈಗ ನಿಮಗೆ ಬರುತ್ತದೆ.

ಕಾಲೇಜಿನ ವರದಿಯಲ್ಲಿ ಸಂಸ್ಥೆಯ ಇತಿಹಾಸಕ್ಕೆ ಒಂದು ಪ್ಯಾರಾ ಸಾಕು. ಒಂದೇ ಚಿತ್ರ ಆರಿಸಿಕೊಂಡು, ಮೊದಲ ದಿನ ಏನು ಕಾಣಲಿಲ್ಲ, ಕೊನೆಗೆ ಏನು ಕಂಡಿತು ಎಂದು ಬಿಡಿಸಿ ಬರೆಯಿರಿ. ಆಮೇಲೆ ಮಸ್ಕಿಗೆ ಹೋಗಿ. 1915ರಲ್ಲಿ ಅಲ್ಲಿ ಪತ್ತೆಯಾದ ಅಶೋಕನ ಶಾಸನವನ್ನೂ ಅದೇ ಕಣ್ಣಿಂದ ನೋಡಿ. ಮುಟ್ಟಬೇಡಿ, ಬಿರುಕು, ಸವೆದ ಅಕ್ಷರಗಳನ್ನು ಗುರುತು ಮಾಡಿಕೊಳ್ಳಿ. ಆ ಪುಟಗಳನ್ನೂ ವರದಿಗೆ ಸೇರಿಸಿ.